ಕರೆಂಟ್ ಹೋದ ಮೇಲೆ ಎಷ್ಟು ತಾಸು? ಸೋಲಾರ್ ಜನರೇಟರ್, ಟ್ಯೂಬುಲರ್ ಬ್ಯಾಟರಿ, ಪೆಟ್ರೋಲ್ ಜನರೇಟರ್: ಕಲಬುರಗಿ ಮನೆಗೆ ಯಾವುದು

ಏಪ್ರಿಲ್ ಬಂತೆಂದರೆ ಕಲಬುರಗಿಯ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಇದು ಎಷ್ಟು ತಾಸು ನಡೀತದ್ರಿ?" ಅಂಗಡಿಯವರ ಉತ್ತರವೂ ಒಂದೇ. "ಎಂಟು ತಾಸು ಆರಾಮ." ಎಂಟು ತಾಸು ಏನು ನಡೆಯುತ್ತದೆ, ಬಲ್ಬೋ ಕೂಲರೋ ಅಂತ ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಮೇ ತಿಂಗಳಲ್ಲಿ ಗಾಳಿ ಮಳೆ ಬಂದು ಕಂಬ ಬಿದ್ದ ರಾತ್ರಿ ಎರಡೂವರೆ ತಾಸಿಗೇ ಫ್ಯಾನ್ ನಿಂತಾಗ ಜಗಳ ಶುರು.

ಈಗ ಮಾರುಕಟ್ಟೆಯಲ್ಲಿ ನಾಲ್ಕು ದಾರಿ ಇವೆ. ಕೈಯಲ್ಲಿ ಎತ್ತಿಕೊಂಡು ಹೋಗುವ ಸೋಲಾರ್ ಜನರೇಟರ್ ಒಂದು. ಅದು ನಿಜಕ್ಕೂ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರನ್ನೂ ಒಂದೇ ಡಬ್ಬಿಗೆ ತುಂಬಿದ್ದು. ಪ್ಯಾನೆಲ್ ಬೇರೆ ಕೊಳ್ಳಬೇಕು. ಎರಡನೆಯದು ನಮಗೆಲ್ಲ ಗೊತ್ತಿರುವ ಇನ್ವರ್ಟರ್ ಮತ್ತು ಟ್ಯೂಬುಲರ್ ಬ್ಯಾಟರಿ, ಬೇಕಿದ್ದರೆ ಮಾಳಿಗೆ ಮೇಲೊಂದು ಪ್ಯಾನೆಲ್. ಮೂರನೆಯದು ಗೋಡೆಗೆ ಹಾಕುವ ದೊಡ್ಡ ಲಿಥಿಯಂ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್, ಅಂದರೆ ಸೋಲಾರ್, ಲೈನ್ ಕರೆಂಟ್, ಬ್ಯಾಟರಿ ಮೂರನ್ನೂ ಒಟ್ಟಿಗೆ ನಡೆಸುವಂಥದ್ದು. ನಾಲ್ಕನೆಯದು ಪೆಟ್ರೋಲ್ ಜನರೇಟರ್. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವುದು ಎಷ್ಟು ಹೊತ್ತು ಬರುತ್ತದೆ ಅಂತ ನಾವೇ ಲೆಕ್ಕ ಹಾಕಲು ಕಲಿಯಬೇಕು. ಲೆಕ್ಕ ಭಾಳ ಸುಲಭ.

ಡಬ್ಬಿಯ ಹಿಂದೆ ಬರೆದಿರುವುದು

ಸೋಲಾರ್ ಜನರೇಟರ್ ಡಬ್ಬಿಯನ್ನು ತಿರುಗಿಸಿ ನೋಡಿ. ಮುಂದುಗಡೆ ದೊಡ್ಡ ಅಕ್ಷರದಲ್ಲಿ "1000 ವ್ಯಾಟ್" ಅಂತ ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ "ಔಟ್‌ಪುಟ್ 500 ವ್ಯಾಟ್, ಪೀಕ್ 1000 ವ್ಯಾಟ್" ಅಂತ. ಅದರ ಕೆಳಗೆ "144000 ಎಂಎಎಚ್". ನಮಗೆ ಬೇಕಾದ ಅಂಕಿ ಇದ್ಯಾವುದೂ ಅಲ್ಲ. ಬೇಕಾಗಿರುವುದು ವ್ಯಾಟ್-ಅವರ್.

ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇವೆ ಅನ್ನುವುದು ವ್ಯಾಟ್-ಅವರ್. ಒಮ್ಮೆಗೆ ಎಷ್ಟು ಮಂದಿ ಪಂಕ್ತಿಯಲ್ಲಿ ಕೂತಿದ್ದಾರೆ ಅನ್ನುವುದು ವ್ಯಾಟ್. "ಪೀಕ್ 1000 ವ್ಯಾಟ್" ಅಂದರೆ ಕೂರಲು ಜಾಗ ಇದೆ ಅಂತಷ್ಟೇ ಅರ್ಥ. ರೊಟ್ಟಿ ಎಷ್ಟಿವೆ ಅಂತ ಅದು ಹೇಳುವುದಿಲ್ಲ.

ವ್ಯಾಟ್-ಅವರ್ ನೇರವಾಗಿ ಬರೆದಿಲ್ಲ ಅಂದರೆ ವೋಲ್ಟೇಜನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 144000 ಎಂಎಎಚ್ ಅಂದರೆ 144 ಎಎಚ್. ಆದರೆ ಈ ಅಂಕಿ ಒಳಗಿನ ಸಣ್ಣ ಸೆಲ್‌ನ ವೋಲ್ಟೇಜಿನದು, ಅಂದರೆ ಸುಮಾರು 3.6. ಹಾಗಾಗಿ 144 × 3.6 = 518 ವ್ಯಾಟ್-ಅವರ್. ನಮ್ಮ ಮನೆಯ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದೆ. 144000 ದೊಡ್ಡದಾಗಿ ಕಾಣುತ್ತದೆ, 150 ಸಣ್ಣದಾಗಿ ಕಾಣುತ್ತದೆ. ಒಳಗಿನ ಶಕ್ತಿ ಮಾತ್ರ ಪೂರಾ ಉಲ್ಟಾ.

ಇನ್ನು ಈ ಶಕ್ತಿ ಪೂರ್ತಿ ಕೈಗೆ ಸಿಗುವುದಿಲ್ಲ. ಬ್ಯಾಟರಿಯ ಡಿಸಿ ಕರೆಂಟನ್ನು 230 ವೋಲ್ಟ್ ಎಸಿ ಮಾಡುವಾಗ ಶೇ. 10ರಿಂದ 15ರಷ್ಟು ಬಿಸಿಯಾಗಿ ಹೋಗುತ್ತದೆ. ಲಿಥಿಯಂ ಡಬ್ಬಿಗೆ ಬರೆದ ಅಂಕಿಯ ಶೇ. 85 ಹಿಡಿಯಿರಿ, ಸಾಕು. ಟ್ಯೂಬುಲರ್‌ಗೆ ಇನ್ನೊಂದು ಕಡಿತ ಇದೆ. ಅದು ಲೆಡ್ ಆಸಿಡ್ ಬ್ಯಾಟರಿ, ಅದನ್ನು ದಿನಾ ತಳ ಕಾಣುವವರೆಗೆ ಖಾಲಿ ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅರ್ಧದವರೆಗೆ ಬಳಸುವುದು ಒಳ್ಳೆಯದು. ಅಪರೂಪಕ್ಕೆ ಶೇ. 80ರವರೆಗೂ ಹೋಗಬಹುದು. ಅಂದರೆ 1800ರಲ್ಲಿ ದಿನನಿತ್ಯಕ್ಕೆ ಸಿಗುವುದು ಸುಮಾರು 765. ಕಂಬ ಬಿದ್ದ ರಾತ್ರಿ ಎಳೆದರೆ ಸುಮಾರು 1220.

ಹೀಗಾಗಿ 1000 ವ್ಯಾಟ್-ಅವರ್‌ನ ಲಿಥಿಯಂ ಡಬ್ಬಿ (ಸಿಗುವುದು 850) ದಿನದ ಬಳಕೆಯಲ್ಲಿ 150 ಎಎಚ್ ಟ್ಯೂಬುಲರ್‌ಗೆ ಹೆಚ್ಚುಕಡಿಮೆ ಸಮ. ತೂಕ ಮಾತ್ರ ಸಮ ಅಲ್ಲ. ಲಿಥಿಯಂ ಡಬ್ಬಿ 12ರಿಂದ 15 ಕಿಲೋ, ಟ್ಯೂಬುಲರ್ ಆಸಿಡ್ ಸಮೇತ 50 ಕಿಲೋ ದಾಟುತ್ತದೆ. ಬೆಲೆಯೂ ಸಮ ಅಲ್ಲ. ಅಷ್ಟೇ ಶಕ್ತಿಗೆ ಡಬ್ಬಿಯ ಬೆಲೆ ಸಾಮಾನ್ಯವಾಗಿ ಇನ್ವರ್ಟರ್-ಟ್ಯೂಬುಲರ್ ಜೋಡಿಯ ಎರಡು ಮೂರು ಪಟ್ಟು.

ಮೊದಲು ಫ್ಯಾನ್ ಬದಲಿಸಿ, ಬ್ಯಾಟರಿ ಆಮೇಲೆ

ನನ್ನ ಮಾತು ಇಷ್ಟೇ. ನಮ್ಮ ಕಡೆ ಬ್ಯಾಟರಿ ಎಷ್ಟು ತಾಸು ಬರುತ್ತದೆ ಅನ್ನುವುದನ್ನು ನಿರ್ಧರಿಸುವುದು ಬ್ಯಾಟರಿಗಿಂತ ಜಾಸ್ತಿ ಫ್ಯಾನ್. ಬೆಂಗಳೂರಿನಲ್ಲಿ ರಾತ್ರಿ ಕರೆಂಟ್ ಹೋದರೆ ಕಿಟಕಿ ತೆಗೆದು ಮಲಗಬಹುದು. ಹಗಲು 43 ಡಿಗ್ರಿ ಕುಡಿದ ಕಲಬುರಗಿಯ ಆರ್‌ಸಿಸಿ ಮಾಳಿಗೆ ರಾತ್ರಿ ಹನ್ನೆರಡಕ್ಕೂ ಬಿಸಿ ಕಾರುತ್ತಿರುತ್ತದೆ. ಇಲ್ಲಿ ಫ್ಯಾನ್ ಇಲ್ಲದೆ ರಾತ್ರಿ ಕಳೆಯುವುದಿಲ್ಲ.

ಹಳೆಯ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ 70-75 ವ್ಯಾಟ್ ತಿನ್ನುತ್ತದೆ. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ಗಾಳಿ ಹತ್ತಿರ ಹತ್ತಿರ ಅಷ್ಟೇ. ಜನವರಿ 2023ರಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ. ಐದು ಸ್ಟಾರ್ ಇರುವುದನ್ನು ಕೇಳಿ, ಸಾಮಾನ್ಯವಾಗಿ ಅದು ಬಿಎಲ್‌ಡಿಸಿಯೇ ಆಗಿರುತ್ತದೆ.

ಈಗ ಲೆಕ್ಕ ನೋಡಿ. ಒಂದು ಹಳೆಯ ಫ್ಯಾನ್, ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್, 10 ವ್ಯಾಟ್‌ನ ವೈಫೈ. ಒಟ್ಟು 94 ವ್ಯಾಟ್. 500 ವ್ಯಾಟ್-ಅವರ್‌ನ ಸಣ್ಣ ಸೋಲಾರ್ ಜನರೇಟರ್‌ನಲ್ಲಿ ಸಿಗುವುದು 425. ಭಾಗಿಸಿದರೆ ನಾಲ್ಕೂವರೆ ತಾಸು. ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ ಎರಡೂವರೆಗೆ ಎಚ್ಚರ ಆಗುತ್ತದೆ. ಅದೇ ಡಬ್ಬಿಗೆ ಬಿಎಲ್‌ಡಿಸಿ ಫ್ಯಾನ್ ಹಾಕಿ. ಒಟ್ಟು 49 ವ್ಯಾಟ್, ಎಂಟೂವರೆ ತಾಸು. ಬೆಳಗಾಗುತ್ತದೆ. ಒಂದು ಫ್ಯಾನ್ ಬದಲಿಸುವ ಖರ್ಚಿನಲ್ಲಿ ಬ್ಯಾಟರಿ ಹತ್ತಿರ ಹತ್ತಿರ ಎರಡು ಪಟ್ಟು ಬೆಳೆದ ಹಾಗೆ ಆಯಿತು, ಅಲ್ವಾ?

1000 ವ್ಯಾಟ್-ಅವರ್‌ನ ಡಬ್ಬಿಯಲ್ಲಿ ಇದೇ ಎರಡು ಲೆಕ್ಕ 9 ತಾಸು ಮತ್ತು 17 ತಾಸು ಆಗುತ್ತದೆ. 150 ಎಎಚ್ ಟ್ಯೂಬುಲರ್ ಅನ್ನು ಅರ್ಧದವರೆಗೆ ಬಳಸಿದರೆ 8 ಮತ್ತು ಹದಿನೈದೂವರೆ ತಾಸು.

ಕೂಲರ್ ಬೇಕು ಅಂದರೆ ಕಥೆ ಬೇರೆ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಒಣ ಬಿಸಿಲು, ಅದಕ್ಕೇ ಕೂಲರ್ ಇಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಕೂಲರ್ 180-200 ವ್ಯಾಟ್. ಸಾವಿರದ ಡಬ್ಬಿಯಲ್ಲಿ ಬರೀ ಕೂಲರ್ ಒಂದೇ ನಾಲ್ಕೂವರೆ ತಾಸು ಬರುತ್ತದೆ, ಟ್ಯೂಬುಲರ್‌ನಲ್ಲೂ ನಾಲ್ಕು ತಾಸಿನ ಮೇಲೆ ಸ್ವಲ್ಪ. ಎಸಿಯ ಮಾತು ಬಿಡಿ. ಒಂದೂವರೆ ಟನ್ ಎಸಿ ಸಾವಿರದ ಡಬ್ಬಿಯನ್ನು ಒಂದು ತಾಸಿನೊಳಗೇ ಮುಗಿಸುತ್ತದೆ.

ಫ್ರಿಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. 190 ಲೀಟರ್‌ನ ಒಂದು ಬಾಗಿಲಿನ ಫ್ರಿಜ್ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಒಂದು ಯುನಿಟ್ ಆಸುಪಾಸು ಎಳೆಯುತ್ತದೆ. ಅಂದರೆ ಸಾವಿರದ ಡಬ್ಬಿ ಹದಿನೆಂಟು ಇಪ್ಪತ್ತು ತಾಸು ಅದೊಂದನ್ನೇ ಸಾಕಬಹುದು. ತೊಂದರೆ ಶಕ್ತಿಯದ್ದಲ್ಲ, ಚಾಲೂ ಆಗುವ ಕ್ಷಣದ್ದು. ಕಂಪ್ರೆಸರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಕೇಳುತ್ತದೆ. 300 ವ್ಯಾಟ್‌ನ ಸಣ್ಣ ಡಬ್ಬಿ ಅಲ್ಲಿಯೇ ಕೈ ಎತ್ತಿಬಿಡುತ್ತದೆ. ಎರಡು ಮೂರು ತಾಸಿನ ಕರೆಂಟ್ ಕಡಿತಕ್ಕೆ ಫ್ರಿಜ್ ಬ್ಯಾಕಪ್ ಸುಮ್ನೆ ಖರ್ಚು. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಅಷ್ಟು ಹೊತ್ತು ಉಳಿಯುತ್ತದೆ. ಮಕ್ಕಳಿಗೆ ಹೇಳುವುದೇ ಕಷ್ಟ.

ಇನ್ನೊಂದು ಕಳ್ಳ ಇದೆ. ಡಬ್ಬಿಯ ಎಸಿ ಬಟನ್ (230 ವೋಲ್ಟ್ ಕರೆಂಟಿನದು) ಆನ್ ಇದ್ದರೆ ಏನೂ ಹಚ್ಚದಿದ್ದರೂ ಒಳಗಿನ ಇನ್ವರ್ಟರ್ 10-15 ವ್ಯಾಟ್ ತಿನ್ನುತ್ತಾ ಇರುತ್ತದೆ. ಸಾವಿರದ ಡಬ್ಬಿಗೆ 9 ವ್ಯಾಟ್‌ನ ಒಂದು ಬಲ್ಬ್ ಹಾಕಿದರೆ ನಾಲ್ಕು ದಿನ ಉರಿಯಬೇಕು ಅಂತ ಲೆಕ್ಕ ಹೇಳುತ್ತದೆ. ನಿಜದಲ್ಲಿ ಎರಡು ದಿನವೂ ಮುಟ್ಟುವುದಿಲ್ಲ. ಸಣ್ಣ ಸಾಮಾನು ಇದ್ದಾಗ ಈ ಎಸಿ ಬಟನ್ ಬಂದ್ ಮಾಡಿ, ಯುಎಸ್‌ಬಿ ಅಥವಾ 12 ವೋಲ್ಟ್ ಪಾಯಿಂಟಿನಿಂದ ನಡೆಸಿ. ಮೊಬೈಲ್, ಯುಎಸ್‌ಬಿ ಬಲ್ಬ್, 12 ವೋಲ್ಟ್‌ನ ರೂಟರ್ ಎಲ್ಲ ಅದರಲ್ಲೇ ನಡೆಯುತ್ತವೆ.

ಟ್ಯೂಬುಲರ್‌ಗೂ ಒಂದು ಚಾಳಿ ಇದೆ. ಅದರ ಮೇಲೆ "150 ಎಎಚ್ ಸಿ20" ಅಂತ ಬರೆದಿರುತ್ತದೆ. ಇಪ್ಪತ್ತು ತಾಸು ನಿಧಾನಕ್ಕೆ ಖಾಲಿ ಮಾಡಿದರೆ ಮಾತ್ರ ಅಷ್ಟು ಸಿಗುತ್ತದೆ ಅಂತ ಅರ್ಥ. ಕೂಲರ್, ಟಿವಿ, ಮೂರು ಫ್ಯಾನ್ ಎಲ್ಲ ಸೇರಿಸಿ 400 ವ್ಯಾಟ್ ಒಮ್ಮೆಗೆ ಎಳೆದರೆ ಅದರ ಮುಕ್ಕಾಲು ಭಾಗ ಸಿಕ್ಕರೆ ಪುಣ್ಯ. ಲಿಥಿಯಂನಲ್ಲಿ ಈ ಕಾಟ ಕಡಿಮೆ. ಸೋಲಾರ್‌ಗೆ ಅಂತ ಬರುವ ಟ್ಯೂಬುಲರ್‌ನ ಮೇಲೆ "ಸಿ10" ಇರುತ್ತದೆ. ಅಂಕಿ ಒಂದೇ ಇದ್ದರೆ ಸಿ10 ಇರುವುದನ್ನೇ ತೆಗೆದುಕೊಳ್ಳಿ.

ಬಿಸಿಲು ಜಾಸ್ತಿ ಅಂದರೆ ಸೋಲಾರ್ ಜಾಸ್ತಿ ಅಲ್ಲ

"ನಮ್ಮ ಊರಲ್ಲಿ ಬಿಸಿಲಿಗೇನು ಬರ" ಅನ್ನುವುದು ಅರ್ಧ ಸತ್ಯ. ಬೆಳಕು ಧಾರಾಳ ಇದೆ. ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲು ಅಂತ ಲೆಕ್ಕ ಹಾಕಬಹುದು. ಆದರೆ ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಸೆಖೆ ಅಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯ ಸೆಲ್‌ಗೆ ಅಳೆದದ್ದು. ಅದರ ಮೇಲೆ ಒಂದೊಂದು ಡಿಗ್ರಿಗೆ ಶೇ. 0.35-0.4ರಷ್ಟು ಇಳಿಯುತ್ತದೆ. ಮೇ ಮಧ್ಯಾಹ್ನ ಸೆಲ್ 65 ಡಿಗ್ರಿ ಮುಟ್ಟಿದರೆ ಶೇ. 15ರಷ್ಟು ಅಲ್ಲೇ ಹೋಯಿತು. ಅದರ ಮೇಲೆ ಧೂಳು. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಮತ್ತು ಕಲ್ಲಿನ ಧೂಳಿನ ಬಗ್ಗೆ ಅಲ್ಲಿಯವರಿಗೆ ನಾನು ಹೇಳಬೇಕಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಗಾಜು ತಣ್ಣಗಿದ್ದಾಗ ಒರೆಸಿ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹಾಕಬೇಡಿ.

ಎಲ್ಲ ಕಳೆದು ಬರೆದ ವ್ಯಾಟಿನ ಶೇ. 70 ಹಿಡಿಯಿರಿ. ಸೋಲಾರ್ ಜನರೇಟರ್ ಜೊತೆ ಕೊಡುವ 100 ವ್ಯಾಟ್‌ನ ಮಡಚುವ ಪ್ಯಾನೆಲ್ ದಿನಕ್ಕೆ 350 ವ್ಯಾಟ್-ಅವರ್ ಕೊಡುತ್ತದೆ. ಸಾವಿರದ ಡಬ್ಬಿ ತುಂಬಲು ಮೂರು ದಿನ. 200 ವ್ಯಾಟ್ ಹಾಕಿದರೆ ಒಂದೂವರೆ ದಿನ. ದಿನಾ ಖಾಲಿ ಮಾಡಿ ದಿನಾ ತುಂಬಬೇಕು ಅಂದರೆ 300 ವ್ಯಾಟ್ ಬೇಕೇ ಬೇಕು. ಜುಲೈ-ಆಗಸ್ಟ್ ಮೋಡದಲ್ಲಿ ಅದೂ ಅರ್ಧಕ್ಕೆ ಇಳಿಯುವ ದಿನ ಇರುತ್ತವೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ, ಓರೆ ಸುಮಾರು 17 ಡಿಗ್ರಿ.

ಪ್ಯಾನೆಲ್ ಬಿಸಿಲಲ್ಲಿ ಇರಲಿ, ಡಬ್ಬಿ ಬಿಸಿಲಲ್ಲಿ ಬೇಡ. ಮಾಳಿಗೆ ಮೇಲೆ ಪ್ಯಾನೆಲ್ ಬಿಚ್ಚಿ ಪಕ್ಕದಲ್ಲೇ ಡಬ್ಬಿ ಇಡುವವರನ್ನು ನೋಡಿದ್ದೇನೆ. ಹನ್ನೆರಡಕ್ಕೆ ಹೋಗಿ ನೋಡಿದರೆ ಡಬ್ಬಿಯ ಸಣ್ಣ ಫ್ಯಾನ್ ಕಿರುಚುತ್ತಿರುತ್ತದೆ, ಪರದೆ ಮೇಲೆ ಥರ್ಮಾಮೀಟರಿನ ಗುರುತು ಮಿನುಗುತ್ತಿರುತ್ತದೆ, ಇನ್‌ಪುಟ್ ಜಾಗದಲ್ಲಿ ಸೊನ್ನೆ. ಒಳಗಿನ ಸೆಲ್ 45-50 ಡಿಗ್ರಿ ಮುಟ್ಟಿದ ಕೂಡಲೇ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ಉತ್ತಮ ಬಿಸಿಲಿನ ಮೂರು ತಾಸು ಹಾಗೆ ಹಾಳಾಗುತ್ತದೆ. ದಪ್ಪ ವೈರ್ ಹತ್ತು ಮೀಟರ್ ತಂದು ಡಬ್ಬಿಯನ್ನು ಕೆಳಗೆ ಕೋಣೆಯಲ್ಲಿ, ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ಇಡಿ. ತಗಡಿನ ಶೆಡ್ ಆದರೆ ಅದೂ ಕಷ್ಟವೇ.

ಟ್ಯೂಬುಲರ್ ಬಿಸಿಗೆ ಕೆಲಸ ನಿಲ್ಲಿಸುವುದಿಲ್ಲ, ಆದರೆ ಸದ್ದಿಲ್ಲದೆ ಸವೆಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧ ಆಗುತ್ತದೆ ಅನ್ನುವುದು ಆ ಧಂದೆಯವರ ಹಳೆಯ ಲೆಕ್ಕ. ಮೆಟ್ಟಿಲ ಕೆಳಗೆ ಗಾಳಿ ಇಲ್ಲದ ಮೂಲೆಯಲ್ಲಿ ತುರುಕಿದ ಬ್ಯಾಟರಿ ಬೇಗ ಹೋಗುವುದು ಇದಕ್ಕೇ. ಬೇಸಿಗೆಯಲ್ಲಿ ನೀರೂ ಬೇಗ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರಿನ ಗಡಸು ನೀರು ಹಾಕಿದರೆ ಬ್ಯಾಟರಿ ಕಥೆ ಮುಗಿದ ಹಾಗೆ. ಬೀದರ್ ಎತ್ತರದಲ್ಲಿದೆ, ಸೆಖೆ ಸ್ವಲ್ಪ ಕಡಿಮೆ. ಅಲ್ಲಿ ಅದೇ ಬ್ಯಾಟರಿ ಸ್ವಲ್ಪ ಹೆಚ್ಚು ಬಾಳಿದರೆ ಆಶ್ಚರ್ಯ ಇಲ್ಲ.

ದೊಡ್ಡ ಪ್ಯಾನೆಲ್ ಅಗ್ಗಕ್ಕೆ ಸಿಗುತ್ತದೆ ಅಂತ 550 ವ್ಯಾಟ್‌ನದ್ದನ್ನು ತಂದು ಎಲ್ಲಿಗೆ ಬೇಕೋ ಅಲ್ಲಿಗೆ ಜೋಡಿಸಬೇಡಿ. ಅದರ ಓಪನ್ ವೋಲ್ಟೇಜ್, ಅಂದರೆ ಏನೂ ಜೋಡಿಸದಿದ್ದಾಗಿನ ವೋಲ್ಟೇಜ್, 50ರ ಹತ್ತಿರ ಇರುತ್ತದೆ. ಸಣ್ಣ ಸೋಲಾರ್ ಜನರೇಟರ್‌ಗಳಲ್ಲಿ ಕೆಲವು 28-30 ವೋಲ್ಟ್ ಮಾತ್ರ ತಡೆದುಕೊಳ್ಳುತ್ತವೆ. ಜೋಡಿಸಿದ ಕ್ಷಣ ಸುಟ್ಟರೆ ವಾರಂಟಿ ಸಿಗುವುದಿಲ್ಲ. 12 ವೋಲ್ಟ್ ಟ್ಯೂಬುಲರ್‌ಗೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಸಾದಾ ಸಾಧನ) ಮೂಲಕ ಜೋಡಿಸಿದರೆ ಸುಡುವ ಭಯ ಒಂದು ಕಡೆ, ಸುಡದಿದ್ದರೂ 550ರಲ್ಲಿ 170 ವ್ಯಾಟ್ ಮಾತ್ರ ಬ್ಯಾಟರಿಗೆ ಮುಟ್ಟುತ್ತದೆ. ದೊಡ್ಡ ಪ್ಯಾನೆಲ್ ಅಂದರೆ ಅದರ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕು.

ಹಾಗಾದರೆ ಯಾರಿಗೆ ಯಾವುದು

ಸ್ವಂತ ಮನೆ, ಊರೊಳಗೆ, ದಿನಕ್ಕೆ ಎರಡು ಮೂರು ತಾಸು ಕರೆಂಟ್ ಹೋಗುತ್ತದೆ ಅನ್ನುವವರಿಗೆ ನನ್ನ ಮತ ಟ್ಯೂಬುಲರ್‌ಗೇ. ಲೈನಿನಂಥದ್ದೇ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತೆಗೆದುಕೊಳ್ಳಿ. ಸ್ಕ್ವೇರ್ ವೇವ್‌ನಲ್ಲಿ ಹಳೆಯ ಫ್ಯಾನ್ ರಾತ್ರಿಯಿಡೀ ಗುಂಯ್ ಅನ್ನುತ್ತದೆ. ಪ್ಯಾನೆಲ್ ಬೇಕೇ? ಗೃಹಜ್ಯೋತಿಯ ಮಿತಿಯೊಳಗೆ ಇರುವ ಮನೆಗೆ ಕರೆಂಟಿನಿಂದ ಬ್ಯಾಟರಿ ತುಂಬಿಸಲು ಖರ್ಚೇ ಇಲ್ಲ. ಅಂಥವರು ಬಿಲ್ ಉಳಿಸಲು ಪ್ಯಾನೆಲ್ ಹಾಕುವುದರಲ್ಲಿ ಅರ್ಥ ಇಲ್ಲ. ಒಂದು ದಿನಪೂರ್ತಿ ಕರೆಂಟ್ ಹೋಗುವ ಹಳ್ಳಿ ಆದರೆ ಮಾತ್ರ 330 ವ್ಯಾಟ್ ಆಸುಪಾಸಿನ ಪ್ಯಾನೆಲ್ ಹಾಕಿ. ದಿನಕ್ಕೆ 1150 ವ್ಯಾಟ್-ಅವರ್ ಬರುತ್ತದೆ, ರಾತ್ರಿ ಬಳಸಿದ್ದು ಹಗಲು ತುಂಬುತ್ತದೆ.

ಇಲ್ಲೇ ಒಂದು ಮಾತು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ ಅಂತ ಹಾಕಿಸಿಕೊಂಡವರು, "ಮಾಳಿಗೆ ತುಂಬ ಸೋಲಾರ್ ಇದೆ, ಇನ್ನೇನು ಚಿಂತೆ" ಅಂತಾರೆ. ಬ್ಯಾಟರಿ ಇಲ್ಲದ ಆನ್-ಗ್ರಿಡ್ (ನೇರ ಲೈನಿಗೆ ಜೋಡಿಸಿದ) ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುವುದು. ಬ್ಯಾಕಪ್ ಬೇಕು ಅಂದರೆ ಮೊದಲೇ ಹೈಬ್ರಿಡ್ ಇನ್ವರ್ಟರ್ ಕೇಳಿ. ಅದಕ್ಕೆ 51.2 ವೋಲ್ಟ್, 100 ಎಎಚ್‌ನ ಲಿಥಿಯಂ ಬ್ಯಾಟರಿ ಸೇರಿಸಿದರೆ 5120 ವ್ಯಾಟ್-ಅವರ್. ಎರಡು ಬಿಎಲ್‌ಡಿಸಿ ಫ್ಯಾನ್, ಕೂಲರ್, ಫ್ರಿಜ್, ಟಿವಿ, ದೀಪ ಎಲ್ಲ ಸೇರಿ 380 ವ್ಯಾಟ್ ಅಂದರೂ ಹನ್ನೊಂದು ತಾಸು. ಹಣ ಇದ್ದವರಿಗೆ ಇದಕ್ಕಿಂತ ಆರಾಮದ್ದು ಇಲ್ಲ.

ಬಾಡಿಗೆ ಕೋಣೆಯಲ್ಲಿ ಓದುವ ಹುಡುಗರಿಗೆ, ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಸೋಲಾರ್ ಜನರೇಟರ್ ಸರಿ. ವೈರಿಂಗ್ ಬೇಡ, ಮಾಲೀಕರ ಪರವಾನಗಿ ಬೇಡ, ಆಸಿಡ್ ವಾಸನೆ ಇಲ್ಲ. 500 ವ್ಯಾಟ್-ಅವರ್‌ನದ್ದು, ಜೊತೆಗೆ 30 ವ್ಯಾಟ್‌ನ ಟೇಬಲ್ ಫ್ಯಾನ್. ಲ್ಯಾಪ್‌ಟಾಪ್ 50 ವ್ಯಾಟ್ ಹಿಡಿದರೂ ಎರಡೂ ಸೇರಿ ಐದು ತಾಸು. ಕೊಳ್ಳುವಾಗ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇದೆಯೇ ಕೇಳಿ. ಅದು ಮೂರು ಸಾವಿರ ಸಲ ತುಂಬಿ ಖಾಲಿಯಾದರೂ ಬಾಳುತ್ತದೆ, ಬಿಸಿಯನ್ನೂ ಹೆಚ್ಚು ತಾಳುತ್ತದೆ. ಲಿಥಿಯಂನ ಇನ್ನೊಂದು ಬಗೆಯಾದ ಎನ್‌ಎಂಸಿ ಸೆಲ್ ಹಗುರ, ಆದರೆ ಸಾಮಾನ್ಯವಾಗಿ ಐನೂರರಿಂದ ಎಂಟುನೂರು ಸಲಕ್ಕೆ ಸುಸ್ತು. ನಮ್ಮ ಹವೆಗೆ ಅದು ಬೇಡ.

ಹೊಲದ ಶೆಡ್‌ಗೆ ಇಷ್ಟು ದುಬಾರಿ ಡಬ್ಬಿ ಒಯ್ಯಬೇಡಿ. ತೊಗರಿ ಕಾಯಲು, ಹಂದಿ ಓಡಿಸುವ ಝಟ್ಕಾ ಮಷೀನ್‌ಗೆ ಬೇಕಾಗುವುದು 12 ವೋಲ್ಟ್‌ನ ಕೆಲವೇ ವ್ಯಾಟ್. ಸಣ್ಣ ಬ್ಯಾಟರಿ, 40-50 ವ್ಯಾಟ್ ಪ್ಯಾನೆಲ್, ಒಂದು ಡಿಸಿ ಬಲ್ಬ್ ಸಾಕು. ಕಳುವಾದರೂ ಹೊಟ್ಟೆ ಉರಿ ಕಡಿಮೆ.

ಮೋಟರ್, ಮಿಕ್ಸರ್, ಜೆರಾಕ್ಸ್, ಮದುವೆ ಮಂಟಪ ಅಂದರೆ ಪೆಟ್ರೋಲ್ ಜನರೇಟರೇ. 2 ಕೆವಿಎದ್ದು ಅರ್ಧ ಲೋಡಿನಲ್ಲಿ ತಾಸಿಗೆ ಮುಕ್ಕಾಲು ಲೀಟರ್ ಆಸುಪಾಸು ಕುಡಿಯುತ್ತದೆ. ಪೆಟ್ರೋಲ್ ಇರುವ ತನಕ ತಾಸಿನ ಲೆಕ್ಕವೇ ಇಲ್ಲ. ಆದರೆ ಒಂದು ಫ್ಯಾನಿಗೋಸ್ಕರ ರಾತ್ರಿಯಿಡೀ ಅದನ್ನು ಓಡಿಸುವುದು ದುಡ್ಡು ಸುಡುವ ಕೆಲಸ. ಮನೆಯೊಳಗೆ, ವರಾಂಡದಲ್ಲಿ, ಕಿಟಕಿ ಪಕ್ಕದಲ್ಲಿ ಅದನ್ನು ಯಾವತ್ತೂ ಹಚ್ಚಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಮನೆಯಲ್ಲಿ ದಮ್ಮಿನವರು ಇದ್ದರೆ ನೆಬ್ಯುಲೈಸರ್‌ಗೆ ಯಾವ ಡಬ್ಬಿಯೂ ಸಾಕು. ಹತ್ತು ನಿಮಿಷಕ್ಕೆ 25 ವ್ಯಾಟ್-ಅವರ್ ಕೂಡ ಹಿಡಿಯುವುದಿಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್ ಮಾತ್ರ ಬೇರೆ. 5 ಲೀಟರ್‌ನದ್ದು 350 ವ್ಯಾಟ್ ಎಳೆಯುತ್ತದೆ, ಸಾವಿರದ ಡಬ್ಬಿ ಎರಡೂವರೆ ತಾಸೂ ಬರುವುದಿಲ್ಲ. ಅಂಥ ಮನೆಯಲ್ಲಿ ಏನೇ ಇದ್ದರೂ ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿ ಇರಲೇಬೇಕು.

ತಂದ ಮೇಲೆ ಮೊದಲ ವಾರದಲ್ಲೇ ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ. ಕರೆಂಟ್ ಇರುವಾಗಲೇ ಮೇನ್ ಬಂದ್ ಮಾಡಿ, ಗೊತ್ತಿರುವ ಲೋಡ್ ಹಾಕಿ. ಎರಡು ಹಳೆಯ ಫ್ಯಾನ್ ಅಂದರೆ 150 ವ್ಯಾಟ್. ಸಾವಿರದ ಡಬ್ಬಿ ಐದೂವರೆ ತಾಸಿನ ಹತ್ತಿರ ಬರಬೇಕು. ಹೊಸ ಟ್ಯೂಬುಲರ್ ಎಂಟು ತಾಸಿನ ಹತ್ತಿರ, ಆದರೆ ಅದನ್ನು ಪದೇ ಪದೇ ಹೀಗೆ ತಳ ಮುಟ್ಟಿಸಬೇಡಿ. ನಾಲ್ಕು ತಾಸಿಗೇ ನಿಂತರೆ ಫೋನಿನಲ್ಲಿ ವಿಡಿಯೋ ಮಾಡಿ, ಬಿಲ್ ಮತ್ತು ಸೀಲ್ ಹಾಕಿದ ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ. ಟ್ಯೂಬುಲರ್ ವಾರಂಟಿಯಲ್ಲಿ "36+24" ಅಂತ ಬರೆದಿದ್ದರೆ ಮೊದಲ 36 ತಿಂಗಳು ಮಾತ್ರ ಪುಕ್ಕಟೆ ಬದಲಿ. ಉಳಿದ 24ರಲ್ಲಿ ಹೊಸ ಬ್ಯಾಟರಿಗೆ ರಿಯಾಯಿತಿ ಅಷ್ಟೇ. ಇದನ್ನು ದುಡ್ಡು ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಿ.